ಮೂರನೇ ಕೈ ಎಲ್ಲಿ? ರೋಮನ್ ಹಾಸ್ಯನಾಟಕದ ಬಗ್ಗೆ ಲೇಖನ ಕಳಿಸಿದವರಿಗೆ

ನಮಸ್ಕಾರ.

'ರೋಮನ್ ಹಾಸ್ಯನಾಟಕ ಮತ್ತು ರಂಗಭೂಮಿಯ ಮೇಲೆ ಅದರ ಪ್ರಭಾವ' ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಮೊದಲ ಸಲ ಸುಮ್ನೆ ಓದುಗನಾಗಿ, ಎರಡನೇ ಸಲ ಪೆನ್ಸಿಲ್ ಹಿಡಿದು. ಈಗಿರುವ ಹಾಗೆ ಅದನ್ನು ಪ್ರಕಟಿಸಲು ಆಗುವುದಿಲ್ಲ. ಹಾಗಂತ ಕೈಬಿಡಿ ಎನ್ನಲು ಈ ಪತ್ರ ಬರೆಯುತ್ತಿಲ್ಲ. ಪ್ರಾಚೀನ ರೋಮಿನ ಹಾಸ್ಯನಾಟಕಕಾರರಾದ ಪ್ಲಾಟಸ್, ಟೆರೆನ್ಸ್ ಬಗ್ಗೆ ಕನ್ನಡದಲ್ಲಿ ಕೂತು ಬರೆಯುವವರು ಕಡಿಮೆ. ನೀವು ನಾಟಕಗಳನ್ನು ನಿಜವಾಗಿ ಓದಿದ್ದೀರಿ ಅನ್ನುವುದು ಅಲ್ಲಲ್ಲಿ ಕಾಣುತ್ತದೆ. ಅದಕ್ಕೇ ಇಷ್ಟುದ್ದ ಉತ್ತರ.

ನೇರವಾಗಿ ಹೇಳುತ್ತೇನೆ. ಲೇಖನದಲ್ಲಿ 'ಪ್ರಭಾವ' ಅನ್ನುವ ಪದ 23 ಸಲ ಬಂದಿದೆ, ಎಣಿಸಿದೆ. ಷೇಕ್ಸ್‌ಪಿಯರ್ ಮೇಲೆ ಪ್ರಭಾವ, ಫ್ರೆಂಚ್ ನಾಟಕಕಾರ ಮೋಲಿಯೇರ್ ಮೇಲೆ ಪ್ರಭಾವ, ಇಟಲಿಯ ಮುಖವಾಡದ ನಾಟಕಗಳ ಮೇಲೆ ಪ್ರಭಾವ. ಆದರೆ ಆ ಪ್ರಭಾವ ಒಂದು ಸಲವೂ ನನ್ನ ಕಣ್ಣಿಗೆ ಬೀಳಲಿಲ್ಲ. ಯಾವ ಮಾತು, ಯಾವ ತಮಾಷೆ, ಯಾವ ಏಟು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಯಿತು? ಅದನ್ನು ತೋರಿಸದೆ ಹೆಸರುಗಳನ್ನು ಮಾತ್ರ ಸಾಲಾಗಿ ನಿಲ್ಲಿಸಿದರೆ ಮದುವೆ ಮನೆಯಲ್ಲಿ ನೆಂಟರನ್ನು ಪರಿಚಯ ಮಾಡಿಸಿದ ಹಾಗೆ ಆಗುತ್ತದೆ. ಎಲ್ಲರಿಗೂ ಕೈ ಮುಗಿದು ಬರುತ್ತೇವೆ, ಒಬ್ಬರ ಮುಖವೂ ನೆನಪಿರುವುದಿಲ್ಲ.

ನಿಮ್ಮ ನಾಲ್ಕನೇ ಪ್ಯಾರಾದಲ್ಲಿ ಒಂದೇ ಒಂದು ಸಾಲು ಇದೆ: 'ಪ್ಲಾಟಸ್‌ನ ಔಲುಲಾರಿಯಾ ನಾಟಕವೇ ಮೋಲಿಯೇರನ 1668ರ ಜಿಪುಣನ ನಾಟಕಕ್ಕೆ ಸ್ಫೂರ್ತಿ.' ಅಷ್ಟು ಹೇಳಿ ಮುಂದೆ ಓಡಿಬಿಟ್ಟಿದ್ದೀರಿ. ಅಯ್ಯೋ, ಅಲ್ಲೇ ನಿಲ್ಲಬೇಕಿತ್ತು! ನಿಮ್ಮ ಇಡೀ ಲೇಖನ ಆ ಸಾಲಿನೊಳಗೆ ಇದೆ.

ಪ್ಲಾಟಸ್‌ನ ನಾಟಕ ನಿಮಗೆ ಗೊತ್ತಿದೆ, ಆದರೂ ನಾನು ಕಂಡ ಹಾಗೆ ಹೇಳುತ್ತೇನೆ. ಯೂಕ್ಲಿಯೋ ಅನ್ನುವ ಬಡ ಮುದುಕ. ಅವನ ಅಜ್ಜ ಮನೆಯ ಒಲೆಯ ಹತ್ತಿರ ಹೂತಿಟ್ಟ ಚಿನ್ನದ ಗಡಿಗೆ ಇವನಿಗೆ ಸಿಗುತ್ತದೆ. ಅದು ಸಿಗುವಂತೆ ಮಾಡಿದ್ದು ಮನೆದೇವರು. ಮುದುಕನ ಮಗಳು ದಿನಾ ತನಗೆ ಪೂಜೆ ಮಾಡುತ್ತಾಳೆ, ಅವಳ ಮದುವೆಗೆ ಆಗಲಿ ಅಂತ. ಗಡಿಗೆ ಸಿಕ್ಕಿದ ದಿನದಿಂದ ಮುದುಕನಿಗೆ ನಿದ್ದೆ ಇಲ್ಲ. ಹುಂಜ ಗಡಿಗೆಯ ಹತ್ತಿರ ಕೆರೆಯಿತು ಅಂತ ಅದನ್ನೇ ಬಡಿದು ಕೊಲ್ಲುತ್ತಾನೆ. ಗಡಿಗೆಯನ್ನು ಮನೆಯಿಂದ ಹೊರಗೆ ಸಾಗಿಸಿ ಗುಡಿಯೊಂದರಲ್ಲಿ ಬಚ್ಚಿಡುತ್ತಾನೆ. ಎಡಗಡೆ ಕಾಗೆ ಕೂಗುತ್ತದೆ. ಅಪಶಕುನ ಅಂತ ವಾಪಸ್ ಓಡಿ ಬರುತ್ತಾನೆ. ಅಲ್ಲಿ ಒಬ್ಬ ಗುಲಾಮ ಸಿಕ್ಕಿಬೀಳುತ್ತಾನೆ. ಅವನು ಇನ್ನೂ ಏನನ್ನೂ ಕದ್ದಿಲ್ಲ.

'ಕೈ ತೋರಿಸು' ಅನ್ನುತ್ತಾನೆ ಮುದುಕ. ಗುಲಾಮ ಎರಡೂ ಕೈ ಚಾಚುತ್ತಾನೆ. ಮುದುಕ ನೋಡುತ್ತಾನೆ. 'ಸರಿ, ಈಗ ಮೂರನೆಯದು ತೋರಿಸು.'

ಇದನ್ನು ಪ್ಲಾಟಸ್ ಬರೆದದ್ದು ಕ್ರಿಸ್ತನಿಗಿಂತ ಸುಮಾರು ಎರಡು ಶತಮಾನ ಮೊದಲು. ಈಗ ಪ್ಯಾರಿಸ್ಸಿಗೆ ಬನ್ನಿ. ಮೋಲಿಯೇರನ ಮೊದಲ ಅಂಕದಲ್ಲೇ ಜಿಪುಣ ಹಾರ್ಪಗಾನ್ ತನ್ನ ಮಗನ ಸೇವಕನನ್ನು ಹಿಡಿದು ನಿಲ್ಲಿಸುತ್ತಾನೆ. 'ಕೈ ತೋರಿಸು.' 'ಇಗೋ.' 'ಮಿಕ್ಕವು?' ಸೇವಕನಿಗೆ ಅರ್ಥವೇ ಆಗುವುದಿಲ್ಲ. 'ಮಿಕ್ಕವಾ?' 'ಹೌದು.'

ನೋಡಿ, ಲೆಕ್ಕ ಬದಲಾಗಿದೆ, ಹುಚ್ಚು ಅದೇ ಇದೆ. ಕಳ್ಳತನದ ಭಯ ಹಿಡಿದವನಿಗೆ ಎದುರಿನವನ ಮೈಯಲ್ಲಿ ಎರಡೇ ಕೈ ಇರಲು ಸಾಧ್ಯವೇ ಇಲ್ಲ. ಇದನ್ನು ಆಫೀಸಿನಲ್ಲಿ ಗಟ್ಟಿಯಾಗಿ ಓದಿದೆ. ಪಕ್ಕದ ಮೇಜಿನಲ್ಲಿ ಪ್ರೂಫ್ ನೋಡುತ್ತಿದ್ದವರು ತಲೆ ಎತ್ತಿ ನಕ್ಕರು. ಅವರು ಪ್ಲಾಟಸ್ ಹೆಸರನ್ನೇ ಕೇಳಿದವರಲ್ಲ. ನಿಮ್ಮ 23 'ಪ್ರಭಾವ' ಮಾಡದ ಕೆಲಸವನ್ನು ಎರಡು ಸಾಲಿನ ಮಾತು ಮಾಡಿತು.

ಇನ್ನೊಂದು ಜಾಗವಿದೆ. ಗಡಿಗೆ ಕಳುವಾದ ಮೇಲೆ ಯೂಕ್ಲಿಯೋ ಹುಚ್ಚು ಹಿಡಿದವನಂತೆ ರಂಗದ ಮೇಲೆ ಓಡಾಡುತ್ತಾನೆ, ನಂತರ ತಟ್ಟನೆ ಪ್ರೇಕ್ಷಕರ ಕಡೆ ತಿರುಗುತ್ತಾನೆ. ಯಾಕೆ ನಗುತ್ತೀರಿ, ನಿಮ್ಮನ್ನೆಲ್ಲ ನಾನು ಬಲ್ಲೆ, ಬೆಳ್ಳಗೆ ಬಟ್ಟೆ ಉಟ್ಟು ಸಭ್ಯರ ಹಾಗೆ ಕೂತಿರುವ ನಿಮ್ಮಲ್ಲೇ ಎಷ್ಟೋ ಜನ ಕಳ್ಳರಿದ್ದಾರೆ, ಅನ್ನುತ್ತಾನೆ. ಮೋಲಿಯೇರನ ಹಾರ್ಪಗಾನ್ ಕೂಡ ನಾಲ್ಕನೇ ಅಂಕದ ಕೊನೆಯಲ್ಲಿ ಇದನ್ನೇ ಮಾಡುತ್ತಾನೆ. ಕಳ್ಳ ಸಿಕ್ಕಿದ ಅಂತ ತನ್ನ ತೋಳನ್ನೇ ತಾನು ಹಿಡಿದುಕೊಳ್ಳುತ್ತಾನೆ, ಆಮೇಲೆ ಸಭೆಯ ಕಡೆ ನೋಡಿ, ಅವನು ನಿಮ್ಮ ನಡುವೆ ಅಡಗಿಲ್ಲವಾ, ಎಲ್ಲರೂ ನನ್ನನ್ನೇ ನೋಡಿ ನಗುತ್ತಿದ್ದಾರಲ್ಲ, ಅನ್ನುತ್ತಾನೆ. ನಟ ರಂಗದಿಂದ ಕೈ ಚಾಚಿ ಪ್ರೇಕ್ಷಕನ ಕೊರಳಪಟ್ಟಿ ಹಿಡಿಯುವ ಈ ವಿದ್ಯೆಯನ್ನು ನೀವು 'ಪ್ರೇಕ್ಷಕರೊಂದಿಗಿನ ನೇರ ಸಂವಹನ ತಂತ್ರ' ಎಂದು ಒಂದು ಕಡೆ ಬರೆದಿದ್ದೀರಿ. ಆ ಪದಗಳನ್ನು ಹೊಡೆದುಹಾಕಿ, ಈ ಮುದುಕನನ್ನು ನಿಲ್ಲಿಸಿ.

ಇದೇ ಜಾಗದಲ್ಲಿ ನಿಮ್ಮದೊಂದು ದೊಡ್ಡ ತಪ್ಪೂ ಇದೆ. ಇಬ್ಬರನ್ನೂ 'ಜಿಪುಣರು' ಅಂತ ಒಂದೇ ಚೀಲಕ್ಕೆ ತುಂಬಿದ್ದೀರಿ. ಹಾರ್ಪಗಾನ್ ಸಾಹುಕಾರ. ಮನೆಯಲ್ಲಿ ಆಳುಕಾಳು, ಕುದುರೆ, ಗಾಡಿ ಎಲ್ಲ ಇದೆ. ಬಡ್ಡಿಗೆ ಸಾಲ ಕೊಡುತ್ತಾನೆ. ಯೂಕ್ಲಿಯೋ ಜೀವಮಾನವಿಡೀ ಬಡವನಾಗಿದ್ದು ಒಂದು ದಿನ ಚಿನ್ನ ಕಂಡವನು. ಪಕ್ಕದ ಮನೆಯ ಶ್ರೀಮಂತ ವರದಕ್ಷಿಣೆ ಬೇಡ, ನಿನ್ನ ಮಗಳನ್ನು ಕೊಡು ಅಂತ ಕೇಳಿದಾಗ ಅವನು ಹೇಳುವ ಮಾತು ಓದಿ. ನೀನು ಎತ್ತು, ನಾನು ಕತ್ತೆ, ಇಬ್ಬರನ್ನೂ ಒಂದೇ ನೊಗಕ್ಕೆ ಕಟ್ಟಿದರೆ ಭಾರ ಎಳೆಯಲಾಗದೆ ನಾನು ಕೆಸರಲ್ಲಿ ಬೀಳುತ್ತೇನೆ, ನೀನು ತಿರುಗಿಯೂ ನೋಡುವುದಿಲ್ಲ ಅಂತ. ಇದು ಜಿಪುಣತನ ಅಲ್ಲ, ಬಡವನ ಹೆದರಿಕೆ. ಮೋಲಿಯೇರ್ ಆ ಹೆದರಿಕೆಯನ್ನು ತೆಗೆದು ದುರಾಸೆಯನ್ನು ಇಟ್ಟ. ಪ್ಲಾಟಸ್‌ನ ನಾಟಕದ ಕೊನೆಯ ಭಾಗ ಕಳೆದುಹೋಗಿದೆ. ಆದರೆ ಉಳಿದಿರುವ ಪದ್ಯಸಾರಾಂಶದ ಪ್ರಕಾರ ಮುದುಕ ಗಡಿಗೆಯನ್ನು ಅಳಿಯನಿಗೆ ಬಿಟ್ಟುಕೊಡುತ್ತಾನೆ. ಹಾರ್ಪಗಾನ್ ತನ್ನ ಪೆಟ್ಟಿಗೆಯನ್ನು ನೋಡಲು ಹೊರಡುವಲ್ಲಿ ಮೋಲಿಯೇರನ ನಾಟಕ ಮುಗಿಯುತ್ತದೆ. ತೆಗೆದುಕೊಂಡವನು ಏನನ್ನು ಬಿಟ್ಟ, ಏನನ್ನು ತಿರುಚಿದ ಅನ್ನುವುದನ್ನು ಬರೆದರೆ 'ಪ್ರಭಾವ' ಅನ್ನುವ ಪದದ ಅಗತ್ಯವೇ ಬೀಳುವುದಿಲ್ಲ.

ಇನ್ನು ಕೊಲೋಸಿಯಂ, ರೋಮಿನ ಆ ದೊಡ್ಡ ಕಲ್ಲಿನ ಕ್ರೀಡಾಂಗಣ. 'ಕೊಲೋಸಿಯಂನ ಸಾವಿರಾರು ಪ್ರೇಕ್ಷಕರ ಮುಂದೆ ಪ್ಲಾಟಸ್‌ನ ನಾಟಕಗಳು ನಡೆದವು' ಎಂದಿದ್ದೀರಿ. ಪ್ಲಾಟಸ್ ಸತ್ತದ್ದು ಕ್ರಿ.ಪೂ. 184ರಲ್ಲಿ. ಕೊಲೋಸಿಯಂ ತೆರೆದದ್ದು ಕ್ರಿ.ಶ. 80ರಲ್ಲಿ. ರೋಮಿಗೆ ಕಲ್ಲಿನ ಶಾಶ್ವತ ರಂಗಮಂದಿರ ಬಂದದ್ದೇ ಕ್ರಿ.ಪೂ. 55ರಲ್ಲಿ, ಸೇನಾಪತಿ ಪಾಂಪೆ ಕಟ್ಟಿಸಿದ್ದು. ಪ್ಲಾಟಸ್ ಮತ್ತು ಟೆರೆನ್ಸ್ ಇಬ್ಬರೂ ಬರೆದದ್ದು ಹಬ್ಬಕ್ಕೆ ಕಟ್ಟಿ ಹಬ್ಬ ಮುಗಿದ ಮೇಲೆ ಬಿಚ್ಚುವ ಮರದ ಅಟ್ಟಣಿಗೆಗೆ. ಇದು ಬರೀ ಇಸವಿಯ ತಪ್ಪಲ್ಲ. ಹಬ್ಬದ ಗದ್ದಲದ ನಡುವೆ, ಪಕ್ಕದಲ್ಲಿ ಬೇರೆ ಆಟಗಳು ನಡೆಯುವಾಗ, ಜನರನ್ನು ಹಿಡಿದು ಕೂರಿಸಬೇಕಿತ್ತು. ಅವರ ನಾಟಕಗಳು ಇರುವ ಹಾಗೆ ಇರಲು ಅದೂ ಒಂದು ಕಾರಣ.

ಪ್ಲಾಟಸ್‌ನ 'ಪೊಯೆನುಲಸ್' ನಾಟಕದ ಪೀಠಿಕೆ ಮತ್ತೆ ಓದಿ, ದಯವಿಟ್ಟು. ನಟನೊಬ್ಬ ಬಂದು ಜನರನ್ನು ಸುಮ್ಮನಿರಿಸುತ್ತಾನೆ. ಮನೆಯಲ್ಲಿ ಜಾಸ್ತಿ ಹೊತ್ತು ಮಲಗಿ ತಡವಾಗಿ ಬಂದವರು ನಿಂತೇ ನೋಡಲಿ ಅನ್ನುತ್ತಾನೆ. ದಾದಿಯರು ಹಸುಗೂಸುಗಳನ್ನು ಮನೆಯಲ್ಲೇ ನೋಡಿಕೊಳ್ಳಲಿ, ಇಲ್ಲಿಗೆ ತಂದರೆ ಇವರಿಗೆ ಬಾಯಾರಿಕೆ, ಮಕ್ಕಳಿಗೆ ಹಸಿವು, ಹಸಿದ ಮಕ್ಕಳು ಮೇಕೆಮರಿಯ ಹಾಗೆ ಅರಚುತ್ತವೆ ಅನ್ನುತ್ತಾನೆ. ಗುಲಾಮರು ಸ್ವತಂತ್ರರ ಜಾಗದಲ್ಲಿ ಕೂರಬಾರದು ಅಂತಲೂ ಹೇಳುತ್ತಾನೆ. ಇಷ್ಟು ಓದಿದರೆ ಸಾಕು, ಎರಡು ಸಾವಿರ ವರ್ಷದ ಹಿಂದಿನ ಸಭೆ ಕಣ್ಣ ಮುಂದೆ ಬರುತ್ತದೆ. ನಿಮ್ಮ ಲೇಖನದಲ್ಲಿ ಪ್ರೇಕ್ಷಕರೇ ಇಲ್ಲ.

ಗುಲಾಮರ ವಿಷಯಕ್ಕೆ ಬರುತ್ತೇನೆ. ಇಲ್ಲಿ ನನಗೆ ನಿಜಕ್ಕೂ ಬೇಸರವಾಯಿತು. 'ಚಾಣಾಕ್ಷ ಗುಲಾಮರು ಒಡೆಯರನ್ನು ಕುಣಿಸುತ್ತಿದ್ದ ಆ ಕಾಲದಲ್ಲಿ ರೋಮನ್ ಸಮಾಜ ಎಷ್ಟು ಉದಾರವಾಗಿತ್ತು ಎಂದು ತಿಳಿಯುತ್ತದೆ' ಎಂದು ಬರೆದಿದ್ದೀರಿ. ಇದನ್ನು ನಾನು ಯಾವ ಕಾರಣಕ್ಕೂ ಅಚ್ಚು ಹಾಕುವುದಿಲ್ಲ. ಪ್ಲಾಟಸ್‌ನ 'ಮಿಲೆಸ್ ಗ್ಲೋರಿಯೋಸಸ್' ನಾಟಕದಲ್ಲಿ ಸ್ಕೆಲೆಡ್ರಸ್ ಅನ್ನುವ ಗುಲಾಮ ಇದ್ದಾನಲ್ಲ, ಅವನನ್ನು ಬೆದರಿಸಿದಾಗ ಏನು ಹೇಳುತ್ತಾನೆ? ಹೆದರಿಸಬೇಡ, ಶಿಲುಬೆಯೇ ನನ್ನ ಸಮಾಧಿ ಅಂತ ನನಗೆ ಗೊತ್ತು, ನನ್ನ ಹಿರಿಯರೆಲ್ಲ ಅಲ್ಲೇ ಇದ್ದಾರೆ, ಅಪ್ಪ, ಅಜ್ಜ, ಮುತ್ತಜ್ಜ, ಅವನ ಅಪ್ಪ. ಸಭೆ ಇದಕ್ಕೆ ನಕ್ಕಿರಬೇಕು. ಹಿಂದೆ ನಿಂತ ಗುಲಾಮರೂ ಕೇಳಿಸಿಕೊಂಡಿರಬೇಕು. ಪ್ಲಾಟಸ್ ಬರೆಯುತ್ತಿದ್ದ ಕಾಲದಲ್ಲೇ ಯುದ್ಧಗಳಲ್ಲಿ ಸೆರೆ ಸಿಕ್ಕವರು ಗುಲಾಮರಾಗಿ ರೋಮಿಗೆ ಬಂದು ಬೀಳುತ್ತಿದ್ದರು. ಟೆರೆನ್ಸ್ ಸ್ವತಃ ಆಫ್ರಿಕಾದಿಂದ ಗುಲಾಮನಾಗಿ ಬಂದು, ಒಡೆಯನೇ ಓದಿಸಿ ಬಿಡುಗಡೆ ಮಾಡಿದವನು ಅಂತ ಅವನ ಪ್ರಾಚೀನ ಜೀವನಚರಿತ್ರೆ ಹೇಳುತ್ತದೆ. ಇನ್ನೊಂದು ಮಾತು: ಈ ನಾಟಕಗಳ ಕಥೆ ನಡೆಯುವುದು ಹೆಚ್ಚಾಗಿ ಅಥೆನ್ಸಿನಲ್ಲೋ ಬೇರೆ ಗ್ರೀಕ್ ಊರಲ್ಲೋ, ಪಾತ್ರಗಳ ಉಡುಗೆಯೂ ಗ್ರೀಕರದು. ಒಡೆಯ ಮೋಸಹೋಗುವುದೆಲ್ಲ 'ಅಲ್ಲಿ', ನಮ್ಮೂರಲ್ಲಿ ಅಲ್ಲ ಅನ್ನುವ ಸಮಾಧಾನ ಒಡೆಯರಿಗೆ ಇತ್ತು. ಆ ತೆರೆಯ ಹಿಂದೆ ನಿಂತೇ ಗುಲಾಮ ರಂಗದ ಮೇಲೆ ರಾಜನಾಗುತ್ತಾನೆ. ನಿಮ್ಮ ಲೇಖನದ ಜೀವ ಇರುವುದು ಇಲ್ಲಿ. ಇದಕ್ಕೆ ಎರಡು ಪುಟ ಕೊಟ್ಟರೂ ನಾನು ಕತ್ತರಿಸುವುದಿಲ್ಲ.

ಟೆರೆನ್ಸ್‌ನ 'ಹೆಕಿರಾ' (ಅತ್ತೆ) ಸೋತ ಕಥೆಯನ್ನು ನೀವು ಚೆನ್ನಾಗಿ ಬರೆದಿದ್ದೀರಿ, ಆದರೆ ತೀರ್ಪು ಅವಸರದ್ದು. ಕ್ರಿ.ಪೂ. 165ರಲ್ಲಿ ಹಗ್ಗದ ಮೇಲೆ ನಡೆಯುವವನೂ ಮುಷ್ಟಿಕಾಳಗದವರೂ ನಾಟಕವನ್ನು ಕೆಡಿಸಿದರು, 160ರಲ್ಲಿ ಗ್ಲಾಡಿಯೇಟರ್‌ಗಳ ಕಾಳಗ ಇದೆ ಎನ್ನುವ ಸುದ್ದಿ ಕೆಡಿಸಿತು, ಅದೇ ವರ್ಷ ಮೂರನೇ ಸಲ ಪೂರ್ತಿ ಆಡಿದರು. ಸರಿ. ಆದರೆ ಇದಕ್ಕೆ ಸಾಕ್ಷಿ ಏನು? ಮೂರನೇ ಸಲದ ಪೀಠಿಕೆಯಲ್ಲಿ ತಂಡದ ಯಜಮಾನ ಅಂಬಿವಿಯಸ್ ಟರ್ಪಿಯೋ ಆಡುವ ಮಾತು. ಅದು ಸಭೆಯ ಮನಸ್ಸು ಗೆಲ್ಲಲು ಬರೆದ ಮಾತು. ಎರಡನೇ ಸಲ ಆಗಿದ್ದನ್ನು ಗಮನವಿಟ್ಟು ಓದಿ: ಜನ ನುಗ್ಗಿ ಬಂದರು, ಕೂಗಾಡಿದರು, ಜಾಗಕ್ಕೆ ಜಗಳಾಡಿದರು ಅಂತಿದೆ. ನೋಡುತ್ತಿದ್ದವರು ಬೇಜಾರಾಗಿ ಎದ್ದುಹೋದರು ಅಂತಿಲ್ಲ. ನೀವು ಇದರಿಂದ 'ರೋಮನ್ನರಿಗೆ ಸೂಕ್ಷ್ಮ ಹಾಸ್ಯ ಹಿಡಿಸುತ್ತಿರಲಿಲ್ಲ' ಅಂತ ತೀರ್ಮಾನಿಸಿದ್ದೀರಿ. ಹಾಗಾದರೆ ನಡುವೆ, 161ರಲ್ಲಿ, ಅದೇ ಟೆರೆನ್ಸ್‌ನ 'ಯೂನುಕಸ್' ಗೆದ್ದದ್ದು ಹೇಗೆ? ಅದಕ್ಕೆ ಸಿಕ್ಕ 8,000 ಸೆಸ್ಟರ್ಸ್ (ರೋಮನ್ ನಾಣ್ಯ) ಅಲ್ಲಿಯವರೆಗೆ ಯಾವ ಹಾಸ್ಯನಾಟಕಕ್ಕೂ ಸಿಕ್ಕಿರಲಿಲ್ಲ. ಪ್ರೇಕ್ಷಕರನ್ನು ದಡ್ಡರು ಅನ್ನುವ ಮುಂಚೆ ನೂರು ಸಲ ಯೋಚಿಸಿ.

ಷೇಕ್ಸ್‌ಪಿಯರ್ ಭಾಗ ಚಿಕ್ಕದಾದರೆ ಸಾಕು. ಪ್ಲಾಟಸ್‌ನ 'ಮೆನೆಕ್ಮಿ'ಯಲ್ಲಿ ಅವಳಿ ಒಂದೇ ಜೋಡಿ. ಷೇಕ್ಸ್‌ಪಿಯರ್ ತನ್ನ 'ದಿ ಕಾಮೆಡಿ ಆಫ್ ಎರರ್ಸ್' ನಾಟಕದಲ್ಲಿ ಸೇವಕರನ್ನೂ ಅವಳಿ ಮಾಡಿದ. ಒಡೆಯನನ್ನು ಅವನ ಮನೆಯ ಬಾಗಿಲಲ್ಲೇ ತಡೆದು ನಿಲ್ಲಿಸುವ ಉಪಾಯವನ್ನು ಪ್ಲಾಟಸ್‌ನದೇ 'ಆಂಫಿಟ್ರುವೋ'ದಿಂದ ತಂದ. 1594ರ ಡಿಸೆಂಬರ್‌ನಲ್ಲಿ ಲಂಡನ್ನಿನ ಗ್ರೇಸ್ ಇನ್‌ನಲ್ಲಿ ಷೇಕ್ಸ್‌ಪಿಯರನ ನಾಟಕ ಪ್ರದರ್ಶನವಾಯಿತು. ಅಲ್ಲಿಂದ ಇಳಿದು ಬಂದ ಎರಡು ಜೋಡಿಯನ್ನು 1997ರ ನಮ್ಮ 'ಉಲ್ಟಾ ಪಲ್ಟಾ' ಸಿನಿಮಾದಲ್ಲಿ ನೀವೂ ನೋಡಿರುತ್ತೀರಿ. ಈ ಸರಪಳಿಯ ಕೊಂಡಿಗಳು ಒಂದೊಂದೂ ಗಟ್ಟಿ, ಇದನ್ನು ಧೈರ್ಯವಾಗಿ ಬರೆಯಿರಿ. ಆದರೆ ಕೊನೆಯಲ್ಲಿ ಸೇರಿಸಿದ್ದೀರಲ್ಲ, 'ನಮ್ಮ ಸಂಸ್ಕೃತ ನಾಟಕದ ವಿದೂಷಕ, ಯಕ್ಷಗಾನದ ಹಾಸ್ಯಗಾರ ಎಲ್ಲ ರೋಮನ್ ಗುಲಾಮನ ಸಂತತಿ' ಅಂತ, ಅದನ್ನು ತೆಗೆಯಿರಿ. ಒಂದೇ ತರಹ ನಗಿಸುತ್ತಾರೆ ಅನ್ನುವುದು ಒಂದು ಮಾತು, ಒಬ್ಬರಿಂದ ಇನ್ನೊಬ್ಬರು ಹುಟ್ಟಿದರು ಅನ್ನುವುದು ಬೇರೆ. ಎರಡನೆಯದಕ್ಕೆ ಆಧಾರ ಬೇಕು, ನಿಮ್ಮ ಲೇಖನದಲ್ಲಿ ಒಂದೂ ಇಲ್ಲ.

ರೋಮನ್ನರು 'ಗ್ರೀಕರನ್ನು ನಕಲು ಮಾಡಿದರು' ಅಂತ ಎರಡು ಕಡೆ ಸ್ವಲ್ಪ ಕೀಳಾಗಿ ಬರೆದಿದ್ದೀರಿ. ಪ್ಲಾಟಸ್ ಅದನ್ನು ಮುಚ್ಚಿಟ್ಟೇ ಇಲ್ಲ. 'ಅಸಿನಾರಿಯಾ' ಪೀಠಿಕೆಯಲ್ಲಿ, ಗ್ರೀಕ್‌ನಲ್ಲಿ ಬರೆದವನು ಡೆಮೊಫಿಲಸ್, ಮಕ್ಕಸ್ ಅದನ್ನು ಅನಾಗರಿಕರ ಮಾತಿಗೆ ತಿರುಗಿಸಿದ, ಅಂತ ಎಲ್ಲರ ಮುಂದೆ ಹೇಳಿಸುತ್ತಾನೆ. ಗ್ರೀಕರ ಕಣ್ಣಿನಲ್ಲಿ ಲ್ಯಾಟಿನ್ ಅನಾಗರಿಕರ ಭಾಷೆ ತಾನೆ! ಮಕ್ಕಸ್ ಅನ್ನುವುದು ಇಟಲಿಯ ಹಳ್ಳಿಗಾಡಿನ ಪ್ರಹಸನಗಳ ಪೆದ್ದನ ಹೆಸರು, ಪ್ಲಾಟಸ್ ಅದನ್ನೇ ತನ್ನ ಹೆಸರಾಗಿ ಹೊತ್ತವನು. ಗ್ರೀಕ್ ಕಥೆಗೆ ಹಾಡು, ಕೊಳಲಿನಂಥ ವಾದ್ಯ, ಬೈಗುಳ, ಹಳ್ಳಿಯ ಪೆದ್ದ ಎಲ್ಲ ಸೇರಿಸಿ ಹೊಸ ಅಡುಗೆ ಮಾಡಿದವನನ್ನು ನಕಲುಗಾರ ಅನ್ನುವುದು ನ್ಯಾಯವಲ್ಲ. ಹೊರಗಿನ ನಾಟಕಗಳನ್ನು ಕನ್ನಡಕ್ಕೆ ಒಗ್ಗಿಸಿ ಆಡುತ್ತಾ ಬಂದಿರುವ ನಾವು ಇದನ್ನು ಬೇರೆಯವರಿಗಿಂತ ಬೇಗ ಅರ್ಥ ಮಾಡಿಕೊಳ್ಳಬೇಕು, ಅಲ್ವಾ?

ಭಾಷೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. 'ಹಾಸ್ಯವು ಸಮಾಜದ ಕನ್ನಡಿ' ಎಂದು ಶುರುವಾಗುವ ಮೊದಲ ಪ್ಯಾರಾ ಪೂರ್ತಿ ಹೋಗಲಿ, ಗುಡಿಯ ಮುಂದೆ ಗುಲಾಮನನ್ನು ಹಿಡಿದು ನಿಂತ ಮುದುಕನಿಂದ ಶುರು ಮಾಡಿ. 'ಹಾಸ್ಯಪ್ರಜ್ಞೆಯ ಪರಾಕಾಷ್ಠೆ', 'ಕಾಲಾತೀತ ಪ್ರಸ್ತುತತೆ' ಇಂಥವನ್ನು ಕಂಡಲ್ಲೆಲ್ಲ ಅಳಿಸಿ. ಪ್ಲಾಟಸ್‌ನ ಸಂಭಾಷಣೆಗಳನ್ನು ನೀವೇ ಕನ್ನಡಕ್ಕೆ ತಂದಿರುವ ಕಡೆ ನಿಮ್ಮ ಕೈ ಎಷ್ಟು ಹಗುರವಾಗಿದೆ ಗೊತ್ತಾ? ಆರನೇ ಪುಟದಲ್ಲಿ ಅಡುಗೆಯವರ ಜಗಳದ ನಾಲ್ಕು ಸಾಲು ಓದುವಾಗ ಆ ಮಡಕೆಗಳ ಸದ್ದು ಕೇಳಿಸಿತು. ಆ ಕೈಯಿಂದಲೇ ಉಳಿದದ್ದನ್ನೂ ಬರೆಯಿರಿ.

ಎರಡೂವರೆ ಸಾವಿರ ಪದದೊಳಗೆ ಇರಲಿ. ಆಂಫಿಟ್ರುವೋನ ಸೇವಕ ಸೋಸಿಯಾ ಮೋಲಿಯೇರನ ಮೂಲಕ ಫ್ರೆಂಚ್ ಭಾಷೆಗೇ ಸೇರಿಹೋಗಿ, ಇವತ್ತಿಗೂ ಅಲ್ಲಿ ಒಬ್ಬರಂತೆ ಕಾಣುವ ಇನ್ನೊಬ್ಬರನ್ನು 'ಸೋಸಿ' ಅನ್ನುತ್ತಾರೆ. ಇದನ್ನು ಅಡಿಟಿಪ್ಪಣಿಯಿಂದ ಎತ್ತಿ ಒಳಗೆ ತನ್ನಿ. ಹೊಸ ಕರಡು ಯಾವಾಗ ಬಂದರೂ ನಾನೇ ಓದುತ್ತೇನೆ. ಆ ಅಡುಗೆಯವರ ದೃಶ್ಯವನ್ನು ಪೂರ್ತಿ ಅನುವಾದ ಮಾಡಿದ್ದರೆ ಅದನ್ನೂ ಜೊತೆಗೆ ಕಳಿಸಿ.