ಟ್ರ್ಯಾಪ್ ರ‍್ಯಾಪ್ ಹಾಡುಗಳೆಲ್ಲ ನನಗೆ ಒಂದೇ ಥರ ಕೇಳಿಸುತ್ತವೆ. ಯಾವ ಆಲ್ಬಂನಿಂದ ಶುರು ಮಾಡಲಿ?

ಅಮೆರಿಕದ ರ‍್ಯಾಪ್ ಗಾಯಕ ಟಿ.ಐ. ಅವರ 'ಟ್ರ್ಯಾಪ್ ಮ್ಯೂಸಿಕ್' ಕೇಳಿ. 2003ರಲ್ಲಿ ಬಂದ ಆಲ್ಬಂ. ದಕ್ಷಿಣ ಅಮೆರಿಕಾ ಖಂಡವಲ್ಲ, ಯುಎಸ್‌ನ ದಕ್ಷಿಣ ಭಾಗದ ಊರು ಅಟ್ಲಾಂಟಾದಲ್ಲಿ ಡ್ರಗ್ಸ್ ಮಾರುವ ಅಡ್ಡೆಗೆ ಟ್ರ್ಯಾಪ್ ಅನ್ನುತ್ತಾರೆ. ಟಿ.ಐ. ಬೆಳೆದದ್ದು ಅದೇ ಊರಿನ ಬ್ಯಾಂಕ್‌ಹೆಡ್ ಬಡಾವಣೆಯಲ್ಲಿ.

ಎಲ್ಲಾ ಒಂದೇ ಥರ ಅನ್ನಿಸುವುದು ಸಹಜ. ಈಗಿನ ಬಹಳಷ್ಟು ಟ್ರ್ಯಾಪ್ ಹಾಡುಗಳಿಗೆ ತಳಪಾಯ ಒಂದೇ: ರೋಲ್ಯಾಂಡ್ ಕಂಪನಿ 1980ರಲ್ಲಿ ತಂದ ಟಿಆರ್-808 ಡ್ರಮ್ ಮಷೀನಿನ ದನಿಗಳು. ಎದೆಗೆ ತಾಗುವ ಕಿಕ್ (ದೊಡ್ಡ ಡ್ರಮ್ಮಿನ ಏಟು), ಪಟಪಟ ಓಡುವ ಹೈ-ಹ್ಯಾಟ್ (ಜೋಡಿ ತಾಳದ ಸದ್ದು), ಮೇಲೊಂದು ಗಂಭೀರವಾದ ಸಿಂಥ್ (ಎಲೆಕ್ಟ್ರಾನಿಕ್ ಕೀಬೋರ್ಡ್). ಫೋನಿನ ಸ್ಪೀಕರಿನಲ್ಲಿ ಕೇಳಿದರೆ ಬೇಸ್ ಪೂರ್ತಿ ಕಳೆದುಹೋಗುತ್ತದೆ, ಉಳಿಯುವುದು ಪಟಪಟ ಸದ್ದು ಮಾತ್ರ. ದಯವಿಟ್ಟು ಒಳ್ಳೆಯ ಹೆಡ್‌ಫೋನ್ ಹಾಕಿಕೊಳ್ಳಿ.

ಈ ಆಲ್ಬಂನಲ್ಲಿ ಆ ತಳಪಾಯದ ಮೇಲೆ ಬೇರೆ ಬೇರೆ ಬಣ್ಣಗಳಿವೆ. 'ಟ್ವೆಂಟಿ ಫೋರ್ಸ್' ಹಾಡಿನ ಬೀಟ್, ಅಂದರೆ ಹಿನ್ನೆಲೆ ಸಂಗೀತ, ಡಿಜೆ ಟೂಂಪ್ ಅವರ ಕೆಲಸ. ಅವರ ಬೀಟಿಗೆ ಗತ್ತು ಇದೆ, ಆದರೆ ಅವಸರ ಇಲ್ಲ. 'ರಬ್ಬರ್ ಬ್ಯಾಂಡ್ ಮ್ಯಾನ್' ಮಾಡಿದವರು ಮಿಸಿಸಿಪ್ಪಿಯ ಡೇವಿಡ್ ಬ್ಯಾನರ್. ಅದರಲ್ಲಿ ಆರ್ಗನ್ ನುಡಿಯುತ್ತದೆ, ಹಿಂದೆ ಮಕ್ಕಳ ಕೋರಸ್ ಇದೆ. ಅಮೆರಿಕದ ದಕ್ಷಿಣದ ಕಪ್ಪು ಜನರ ಚರ್ಚಿನ ಸಂಗೀತ ಕೇಳಿದವರಿಗೆ ಆ ಆರ್ಗನ್ ಅಪರಿಚಿತ ಅನ್ನಿಸುವುದಿಲ್ಲ.

ನಾನು ಜಾಸ್ತಿ ಕೇಳುವುದು ಮಾತ್ರ 'ಡೂಯಿನ್ ಮೈ ಜಾಬ್'. ಬೀದಿಯಲ್ಲಿ ನಿಂತು ಡ್ರಗ್ಸ್ ಮಾರುವ ಹುಡುಗ ಅಕ್ಕಪಕ್ಕದ ಮನೆಯವರಿಗೆ ತನ್ನ ಪರಿಸ್ಥಿತಿ ಹೇಳಿಕೊಳ್ಳುತ್ತಾನೆ. ಕಾನ್ಯೆ ವೆಸ್ಟ್ ಹಳೆಯ ಸೋಲ್ (ಕಪ್ಪು ಅಮೆರಿಕನ್ನರ ಒಂದು ಸಂಗೀತ ಶೈಲಿ) ಹಾಡೊಂದರ ತುಣುಕು ತೆಗೆದುಕೊಂಡು ಕಟ್ಟಿದ ಬೀಟ್ ಅದು. ಟಿ.ಐ. ದನಿ ಏರಿಸುವುದೇ ಇಲ್ಲ. ಸ್ವರಗಳನ್ನು ಎಳೆದು, ಬೀಟಿಗಿಂತ ಚೂರು ಹಿಂದೆ ಉಳಿದು, ಮಾತಾಡಿದ ಹಾಗೆ ಹೇಳುತ್ತಾರೆ. ಈ ಎಳೆತವೇ ದಕ್ಷಿಣದ ಶೈಲಿ. 'ಟಿ.ಐ. ವರ್ಸಸ್ ಟಿ.ಐ.ಪಿ.'ಯಲ್ಲಂತೂ ಅವರೊಳಗಿನ ಇಬ್ಬರು ಜಗಳಕ್ಕೇ ಇಳಿಯುತ್ತಾರೆ, ಕಲಾವಿದ ಟಿ.ಐ. ಒಬ್ಬ, ಬೀದಿಯ ಹುಡುಗ ಟಿ.ಐ.ಪಿ. ಇನ್ನೊಬ್ಬ. ಟ್ರ್ಯಾಪ್ ಅಂದರೆ ಸುಮ್ನೆ ದುಡ್ಡಿನ ಜಂಬ ಅಂತ ಹೇಳುವವರು ಈ ಹಾಡುಗಳನ್ನು ಕೇಳಲೇಬೇಕು.

'ಲೆಟ್ಸ್ ಗೆಟ್ ಅವೇ' ನನಗೆ ಅಷ್ಟಾಗಿ ಹಿಡಿಸಲಿಲ್ಲ. ಇಂಪಾಗಿದೆ, ಆದರೆ ಉಳಿದ ಹಾಡುಗಳ ಬಿಗಿ ಅದರಲ್ಲಿಲ್ಲ.

ಇದಾದ ಮೇಲೆ ಇನ್ನೊಬ್ಬ ರ‍್ಯಾಪ್ ಗಾಯಕ ಯಂಗ್ ಜೀಜಿ ಅವರ 2005ರ 'ಥಗ್ ಮೋಟಿವೇಷನ್ 101' ಹಾಕಿ. ಅಲ್ಲಿ ಬೀಟ್ ಕಟ್ಟಿದವರಲ್ಲೊಬ್ಬರಾದ ಶಾಟಿ ರೆಡ್ ಅವರ ಸಿಂಥ್ ತಣ್ಣಗೆ ಭಯ ಹುಟ್ಟಿಸುತ್ತದೆ. ಜೀಜಿಯ ದನಿ ಒರಟು, ಪದಗಳು ಕಡಿಮೆ. ಸಾಲುಗಳ ನಡುವೆ ಅವರು ಹಾಕುವ ಕೂಗುಗಳೂ ಬೀಟಿನ ಭಾಗವೇ ಆಗಿಬಿಡುತ್ತವೆ. ಎರಡನ್ನೂ ಬೆನ್ನುಬೆನ್ನಿಗೆ ಕೇಳಿದರೆ ವ್ಯತ್ಯಾಸ ನಿಮಗೇ ಗೊತ್ತಾಗುತ್ತದೆ.