ಡಿಎಪಿ, ಯೂರಿಯಾ ನೀರಲ್ಲಿ ನೆನೆಸಿದ ಹತ್ತಿ ಬಟ್ಟೆಗೆ ಬೆಂಕಿ ಹತ್ತುವುದಿಲ್ಲವೇ?

ಪಾಂಡವಪುರದ ಹತ್ತಿರ ನಿಮ್ಮ ಆಲೆಮನೆಯಲ್ಲಿ ಒಲೆಗೆ ಕಬ್ಬಿನ ಸಿಪ್ಪೆ ಹಾಕುವವರ ಬಟ್ಟೆಗೆ ಕಿಡಿ ಹಾರುತ್ತದೆ, ಡಿಎಪಿ ಮತ್ತು ಯೂರಿಯಾ ಕರಗಿಸಿದ ನೀರಲ್ಲಿ ಅಂಗಿ ನೆನೆಸಿ ಒಣಗಿಸಿದರೆ ಸಾಕಾ ಎಂದು ಕೇಳಿದ್ದೀರಿ. ನಾನು ನಂಜನಗೂಡಿನ ಬಟ್ಟೆ ಕಾರ್ಖಾನೆಯೊಂದರ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ನೀವು ಕೇಳಿದ್ದು ಸುಳ್ಳು ಸುದ್ದಿಯಲ್ಲ. ಆದರೆ ಮೈಮೇಲೆ ಹಾಕುವ ಬಟ್ಟೆಗೆ ದಯವಿಟ್ಟು ಇದನ್ನು ನಂಬಬೇಡಿ.

ಹತ್ತಿ ಅಂದರೆ ಬಹುಪಾಲು ಸೆಲ್ಯುಲೋಸ್. ಒಲೆಗೆ ಹಾಕುವ ಸಿಪ್ಪೆಯಲ್ಲೂ ಅದೇ ಇದೆ. ಸುಮಾರು 350 ಡಿಗ್ರಿ ಬಿಸಿಯಾದಾಗ ಸೆಲ್ಯುಲೋಸ್ ಮುರಿದು ಲೆವೊಗ್ಲೂಕೋಸಾನ್ ಎಂಬ ವಸ್ತುವಾಗುತ್ತದೆ. ಅದೂ ಒಡೆದಾಗ ಬರುವ ಅನಿಲಗಳು ಜ್ವಾಲೆಯಾಗಿ ಉರಿಯುತ್ತವೆ. ಡಿಎಪಿ ಗೊಬ್ಬರದಲ್ಲಿರುವ ರಂಜಕ (ಫಾಸ್ಫರಸ್) ಬಟ್ಟೆಯಲ್ಲಿ ಇದ್ದರೆ ದಾರಿ ಬದಲಾಗುತ್ತದೆ. ಬಿಸಿಗೆ ಅದರಿಂದ ಫಾಸ್ಫಾರಿಕ್ ಆಮ್ಲ ಹುಟ್ಟಿ, ಸೆಲ್ಯುಲೋಸ್‌ನಿಂದ ನೀರನ್ನು ಕಿತ್ತುಕೊಳ್ಳುತ್ತದೆ. ಉರಿಯುವ ಅನಿಲ ಕಡಿಮೆ, ನೀರಾವಿ ಮತ್ತು ಇದ್ದಿಲು ಜಾಸ್ತಿ. ಬಟ್ಟೆ ಕಪ್ಪಾಗುತ್ತದೆ, ಜ್ವಾಲೆ ಹರಡುವುದಿಲ್ಲ. ಫ್ರಾನ್ಸಿನ ರಸಾಯನ ವಿಜ್ಞಾನಿ ಗೇ-ಲ್ಯುಸಾಕ್ 1821ರಲ್ಲೇ ಅಮೋನಿಯಂ ಫಾಸ್ಫೇಟ್ (ಡಿಎಪಿಯೂ ಇದೇ ಜಾತಿಯದು), ಬಿಳಿಗಾರ ಮುಂತಾದವುಗಳಿಂದ ಇದನ್ನು ತೋರಿಸಿದ್ದರು.

ತೊಂದರೆ ಶುರುವಾಗುವುದು ಒಗೆಯುವಾಗ. ಬಿಸಿಲಲ್ಲಿ ಒಣಗಿಸಿದ ಡಿಎಪಿ ನೂಲಿನ ಮೇಲೆ ಸುಮ್ನೆ ಕೂತಿರುತ್ತದೆ. ನೀರು ಬಿದ್ದರೆ ಹೋಯಿತು, ಬೆವರಿಗೂ ಕರಗುತ್ತದೆ. ಅದು ಸೆಲ್ಯುಲೋಸ್ ಜೊತೆ ರಾಸಾಯನಿಕವಾಗಿ ಕೂಡಿಕೊಳ್ಳಬೇಕಾದರೆ ಒಣಗಿದ ಬಟ್ಟೆಯನ್ನು ಸುಮಾರು 150 ಡಿಗ್ರಿ ಅಥವಾ ಅದಕ್ಕೂ ಹೆಚ್ಚು ಬಿಸಿಯಲ್ಲಿ ಹದವಾಗಿ ಕಾಯಿಸಬೇಕು. ಯೂರಿಯಾ ಬೇಕಾಗುವುದು ಇಲ್ಲೇ. ಅದಿಲ್ಲದಿದ್ದರೆ ಆಮ್ಲ ನೂಲನ್ನೇ ತಿನ್ನುತ್ತದೆ. ಇದ್ದರೂ ಬಟ್ಟೆಯ ಗಟ್ಟಿತನ ಕುಗ್ಗುತ್ತದೆ.

ಇಷ್ಟು ಮಾಡಿದರೂ ಗಡಸಾದ ಬೋರ್‌ವೆಲ್ ನೀರು ಬಿಡುವುದಿಲ್ಲ. ಸೆಲ್ಯುಲೋಸ್‌ಗೆ ಅಂಟಿದ ಫಾಸ್ಫೇಟ್ ಜೊತೆ ಅಮೋನಿಯಂ ಇರುತ್ತದೆ. ಒಗೆದಾಗ ಆ ಜಾಗಕ್ಕೆ ನೀರಿನ ಕ್ಯಾಲ್ಸಿಯಂ ಬಂದು ಕೂರುತ್ತದೆ. ಬಿಸಿಗೆ ಅಮೋನಿಯಾ ಹಾರಿಹೋಗಿ ಆಮ್ಲ ಉಳಿಯುತ್ತಿತ್ತು. ಕ್ಯಾಲ್ಸಿಯಂ ಹಾರಿಹೋಗುವುದಿಲ್ಲ, ಹಾಗಾಗಿ ಆಮ್ಲವೂ ಬರುವುದಿಲ್ಲ. ರಂಜಕ ಬಟ್ಟೆಯಲ್ಲೇ ಇದೆ, ಆದರೆ ಕೆಲಸ ಮಾಡುವುದಿಲ್ಲ. ಕಣ್ಣಿಗೆ ಯಾವ ವ್ಯತ್ಯಾಸವೂ ಕಾಣದು. ನನಗೆ ಭಯ ಅದೇ. ಬೆಂಕಿ ಹತ್ತದ ಅಂಗಿ ಅಂತ ನಂಬಿದವರು ಒಲೆಗೆ ಇನ್ನಷ್ಟು ಹತ್ತಿರ ಹೋಗುತ್ತಾರೆ, ಅಲ್ವಾ?

ಕಾರ್ಖಾನೆಯ ವಿಧಾನಗಳೇ ಬೇರೆ. ಪ್ರೋಬಾನ್ ಎಂಬ ವಿಧಾನದಲ್ಲಿ ಅಮೋನಿಯಾ ಅನಿಲ ಹಾಯಿಸಿ ನೂಲಿನ ಒಳಗೇ ರಂಜಕದ ಪಾಲಿಮರ್ ಕಟ್ಟುತ್ತಾರೆ. ಪೈರೋವಾಟೆಕ್ಸ್ ಎಂಬ ರಂಜಕದ ರಾಸಾಯನಿಕ ಸೆಲ್ಯುಲೋಸ್‌ಗೇ ಬೆಸೆದುಕೊಳ್ಳುತ್ತದೆ. ಸರಿಯಾಗಿ ಮಾಡಿದ್ದರೆ 50 ಒಗೆತ ದಾಟಿದರೂ ಗುಣ ಉಳಿಯುತ್ತದೆ. ಎರಡನ್ನೂ ಮನೆಯಲ್ಲಿ ಮಾಡಲಾಗದು.

ಇಂಥ ಬಟ್ಟೆ ಕೊಳ್ಳುವಾಗ ಐಎಸ್‌ಒ 11612 (ಬಿಸಿ, ಬೆಂಕಿಯಿಂದ ಕಾಯುವ ಉಡುಪಿನ ಅಂತರರಾಷ್ಟ್ರೀಯ ಮಾನದಂಡ) ಗುರುತು ನೋಡಿ. ಬೆಲೆ ಜಾಸ್ತಿ, ನಿಜ. ಎಲ್ಲರಿಗೂ ಆಗದಿದ್ದರೆ ಒಲೆಯ ಬಾಯಿ ಹತ್ತಿರ ನಿಲ್ಲುವವರಿಗಾದರೂ ಕೊಡಿಸಿ. ಅದನ್ನು ಒಗೆಯುವಾಗ ಬ್ಲೀಚ್ ಹಾಕಬಾರದು. ಸೋಪಿನ ಬದಲು ಡಿಟರ್ಜೆಂಟ್ ಬಳಸಿ, ಯಾಕೆಂದರೆ ಗಡಸು ನೀರಲ್ಲಿ ಸೋಪು ಬಿಡುವ ಜಿಡ್ಡು ತಾನೇ ಉರಿಯುತ್ತದೆ. ಉಳಿದವರಿಗೆ ದಪ್ಪನೆಯ ಅಪ್ಪಟ ಹತ್ತಿ ಬಟ್ಟೆ, ಬಿಗಿಯಾಗಿ, ಜೋತಾಡದಂತೆ ಇರಲಿ. ಅದಕ್ಕೂ ಬೆಂಕಿ ಹತ್ತುತ್ತದೆ ಎಂದು ಅವರಿಗೆ ಬಿಡಿಸಿ ಹೇಳಿ. ಪಾಲಿಯೆಸ್ಟರ್ ಮಾತ್ರ ಬೇಡವೇ ಬೇಡ, ಅದು ಕರಗಿ ಚರ್ಮಕ್ಕೆ ಅಂಟುತ್ತದೆ.