ಹಬ್ಬ, ಸ್ಪರ್ಧೆಗಳ ಹಳೆ ಪದಕ ಸಿಕ್ಕಿದೆಯಾ? ಮೊದಲು ಅಂಚು ನೋಡಿ

ಸರ್, ನಿಮ್ಮ ಪ್ರಶ್ನೆ ನಿನ್ನೆಯೇ ಓದಿದೆ. ಒಂದೆರಡು ಸಾಲಿನಲ್ಲಿ ಮುಗಿಯುವ ಉತ್ತರ ಅಲ್ಲ, ಅದಕ್ಕೇ ಇವತ್ತು ಕೂತು ಬರೆಯುತ್ತಿದ್ದೇನೆ. ನಿಮ್ಮ ದೊಡ್ಡಪ್ಪನವರ ಡಬ್ಬಿಯಲ್ಲಿ ಸಂಗೀತ ಉತ್ಸವ, ನೃತ್ಯ ಸ್ಪರ್ಧೆ, ಕಲಾ ಪ್ರದರ್ಶನಗಳ ಪದಕಗಳು ಸಿಕ್ಕಿವೆ. ಕೆಲವು ಕಪ್ಪಾಗಿವೆ, ಒಂದೆರಡರ ಮೇಲೆ ಹಸಿರು ಕೂತಿದೆ. ಪಾಲಿಶ್ ಮಾಡಿಸಬೇಕಾ, ಹಳದಿಯಾಗಿ ಹೊಳೆಯುವುದು ಚಿನ್ನವಾ, 1900ರ ಪ್ಯಾರಿಸ್ ಪದಕ ಅಸಲಿಯಾ, ಇದನ್ನು ಮುಂದುವರಿಸುವುದು ಹೇಗೆ ಅಂತ ಕೇಳಿದ್ದೀರಿ. ಕೆಳಗೆ ಕೆಲವರು "ಮೊದಲು ಚೆನ್ನಾಗಿ ಬೆಳಗಿ, ಆಮೇಲೆ ಫೋಟೋ ಹಾಕಿ" ಅಂದಿದ್ದಾರೆ. ದಯವಿಟ್ಟು ಬೆಳಗಬೇಡಿ. ಕಂಚಿನ ಪದಕದ ಮೇಲಿರುವ ಕಂದು ಬಣ್ಣವನ್ನು ಎಷ್ಟೋ ಸಲ ಟಂಕಸಾಲೆಯವರೇ (ನಾಣ್ಯ, ಪದಕ ಅಚ್ಚು ಹಾಕುವವರೇ) ಬೇಕೆಂದು ಕೊಟ್ಟಿರುತ್ತಾರೆ. ಪಾಲಿಶ್ ಹಾಕಿ ತಿಕ್ಕಿದರೆ ಆ ಬಣ್ಣದ ಜೊತೆ ಮುಖದ ಗೆರೆ, ಕೂದಲ ಎಳೆ, ಕಲಾವಿದನ ಸಣ್ಣ ಸಹಿ ಎಲ್ಲವೂ ಸವೆಯುತ್ತವೆ. ಹೋದದ್ದು ಮತ್ತೆ ಬರುವುದಿಲ್ಲ.

ಹೊಸಬರು ಪದಕ ಕೈಗೆ ಬಂದ ಕೂಡಲೇ ಮುಂಭಾಗದ ಚಿತ್ರ ನೋಡುತ್ತಾರೆ. ನಾನು ಹೇಳುವುದು, ಮೊದಲು ಅಂಚು ನೋಡಿ, ಆಮೇಲೆ ಹಿಂಭಾಗ, ಕೊನೆಗೆ ಚಿತ್ರ. ಯಾವ ಉತ್ಸವ ಅಂತ ಮುಂಭಾಗ ಹೇಳುತ್ತದೆ. ಯಾರಿಗೆ ಕೊಟ್ಟರು, ಯಾವಾಗ ಅಚ್ಚು ಹಾಕಿದರು, ಯಾವ ಲೋಹ ಅನ್ನುವುದು ಬಹಳ ಸಲ ಅಂಚಿನಲ್ಲೋ ಹಿಂಬದಿಯಲ್ಲೋ ಇರುತ್ತದೆ. ಸಂಗ್ರಹದ ಜೀವ ಇರುವುದು ಆ ಮಾಹಿತಿಯಲ್ಲೇ.

ನಿಮ್ಮ ಪ್ಯಾರಿಸ್ ಪದಕವನ್ನೇ ತೆಗೆದುಕೊಳ್ಳಿ. 1900ರ ಪ್ಯಾರಿಸ್ ವಿಶ್ವ ಪ್ರದರ್ಶನದ ಬಹುಮಾನ ಪದಕ ರೂಪಿಸಿದ್ದು ಫ್ರೆಂಚ್ ಪದಕ ಶಿಲ್ಪಿ ಜೂಲ್ ಕ್ಲೆಮಾಂ ಶಾಪ್ಲೆಂ. ಹಿಂಬದಿಯಲ್ಲಿ ಬಹುಮಾನ ಪಡೆದವರ ಹೆಸರಿಗೆ ಒಂದು ಚಿಕ್ಕ ಚೌಕಟ್ಟು ಇರುತ್ತದೆ. ಆ ಜಾಗ ಖಾಲಿ ಇದೆಯಾ, ಹೆಸರು ಇದೆಯಾ ನೋಡಿ. ಆಮೇಲೆ ಪದಕವನ್ನು ಕಿಟಕಿಯ ಪಕ್ಕ ಓರೆಯಾಗಿ ಹಿಡಿದು, ಲೆನ್ಸ್ ಇಟ್ಟುಕೊಂಡು ಅಂಚನ್ನು ನಿಧಾನವಾಗಿ ತಿರುಗಿಸಿ. ಪ್ಯಾರಿಸ್ ಟಂಕಸಾಲೆ 19ನೇ ಶತಮಾನದಿಂದ ಅಂಚಿನಲ್ಲಿ ಪುಟ್ಟ ಗುರುತು ಒತ್ತುತ್ತಾ ಬಂದಿದೆ. 1845ರಿಂದ 1860ರವರೆಗೆ ಬೆರಳು ಚಾಚಿದ ಕೈ, 1860ರಿಂದ 1880ರವರೆಗೆ ಜೇನುಹುಳ, 1880ರಿಂದ ಹೂಹಣ್ಣು ತುಂಬಿದ ಕೊಂಬು. ಪಕ್ಕದಲ್ಲಿ ಲೋಹದ ಹೆಸರೂ ಫ್ರೆಂಚಿನಲ್ಲಿ ಇರುತ್ತದೆ: ಕಂಚಿಗೆ ಬ್ರೋಂಝ್, ಬೆಳ್ಳಿಗೆ ಅರ್ಜಾಂ, ತಾಮ್ರಕ್ಕೆ ಕ್ವೀವ್ರ್. ನಿಮ್ಮದರಲ್ಲಿ ಕೊಂಬಿನ ಗುರುತು ಇದ್ದರೆ ಅದು 1900ಕ್ಕೆ ಹೊಂದುತ್ತದೆ. ಆದರೆ ಅಷ್ಟರಿಂದಲೇ ತೀರ್ಮಾನ ಮಾಡಬೇಡಿ, ಯಾಕೆಂದರೆ ಅದೇ ಗುರುತು ಆಮೇಲೂ ನಡೆದುಬಂದಿದೆ. ಅಂಚಿನಲ್ಲಿ ಈಚಿನ ಇಸವಿ ಇದ್ದರೆ ಅದು ಮತ್ತೆ ಅಚ್ಚು ಹಾಕಿದ್ದು. ಅದೇ ರೀತಿ, ಮುಖದ ಮೇಲೆ 1855ರ ಪ್ರದರ್ಶನ ಅಂತ ಬರೆದು ಅಂಚಿನಲ್ಲಿ ಕೊಂಬು ಇದ್ದರೆ ಆ ಪದಕ 1880ಕ್ಕಿಂತ ಹಿಂದಿನದ್ದಲ್ಲ. ಅದನ್ನು ಖೋಟಾ ಅನ್ನಬೇಡಿ. ಟಂಕಸಾಲೆಯೇ ಹಳೆ ಅಚ್ಚಿನಿಂದ ಮಾಡಿಕೊಟ್ಟದ್ದು. ಇಟ್ಟುಕೊಳ್ಳಿ, ಆದರೆ ಪಟ್ಟಿಯಲ್ಲಿ ಹಾಗೆಯೇ ಬರೆಯಿರಿ.

ಹೆಸರಿನ ವಿಷಯಕ್ಕೆ ಬಂದರೆ, 1851ರ ಲಂಡನ್ ಮಹಾ ಪ್ರದರ್ಶನದ ಪದಕಗಳು ಒಳ್ಳೆ ಪಾಠ. ಕೌನ್ಸಿಲ್ ಮೆಡಲ್, ಪ್ರೈಜ್ ಮೆಡಲ್, ತೀರ್ಪುಗಾರರಿಗೆ ಒಂದು, ವಸ್ತು ಇಟ್ಟವರಿಗೆ ಒಂದು ಅಂತ ಬೇರೆಬೇರೆ ಇದ್ದವು. ಪಡೆದವರ ವಿವರ ಅಂಚಿನ ಮೇಲೆ ಬರುತ್ತಿತ್ತು. ಇದೇ ಪ್ರದರ್ಶನದ ನೆನಪಿಗೆ ಖಾಸಗಿ ತಯಾರಕರು ಕ್ರಿಸ್ಟಲ್ ಪ್ಯಾಲೇಸ್ (ಪ್ರದರ್ಶನ ನಡೆದ ಗಾಜಿನ ಕಟ್ಟಡ) ಚಿತ್ರವಿರುವ ತವರದ ಪದಕಗಳನ್ನೂ ಮಾರಿದರು. ಎರಡೂ 1851ರವೇ, ಎರಡೂ ಅಸಲಿಯೇ. ಒಂದು ಗೆದ್ದವರ ಕೈಗೆ ಹೋದದ್ದು, ಇನ್ನೊಂದು ನೋಡಲು ಬಂದವರು ಕೊಂಡದ್ದು. 1893ರ ಶಿಕಾಗೊ ಪ್ರದರ್ಶನದ ಬಹುಮಾನ ಪದಕ ಇನ್ನೂ ಸೊಗಸು. ಮುಂಭಾಗದಲ್ಲಿ ಶಿಲ್ಪಿ ಆಗಸ್ಟಸ್ ಸೇಂಟ್ ಗೌಡೆನ್ಸ್ ಮಾಡಿದ ಕೊಲಂಬಸ್. ಹಿಂಭಾಗಕ್ಕೂ ಅವರೇ ಒಂದು ಬೆತ್ತಲೆ ಹುಡುಗನ ಆಕೃತಿ ಮಾಡಿಕೊಟ್ಟಿದ್ದರು, ಅದನ್ನು ಒಪ್ಪದೆ ಅಮೆರಿಕದ ಟಂಕಸಾಲೆಯ ಕೆತ್ತನೆಗಾರ ಚಾರ್ಲ್ಸ್ ಬಾರ್ಬರ್ ಅವರಿಂದ ಹಿಂಭಾಗ ಮಾಡಿಸಿದರು. ಒಂದೇ ಪದಕದಲ್ಲಿ ಇಬ್ಬರ ಕೈ! 76 ಮಿಲಿಮೀಟರ್ ಅಗಲದ ಕಂಚು. ಪಡೆದವರ ಹೆಸರು ಕೆತ್ತಿದ್ದಲ್ಲ, ಉಬ್ಬು ಅಕ್ಷರದಲ್ಲಿದೆ. ಒಬ್ಬೊಬ್ಬರ ಹೆಸರಿಗೂ ಅಚ್ಚಿನಲ್ಲಿ ಚಿಕ್ಕ ತುಂಡು ಬದಲಿಸಿ ಒತ್ತಿದರು. ಅಲ್ಲಿ ಚಿನ್ನ, ಬೆಳ್ಳಿ, ಕಂಚು ಅಂತ ದರ್ಜೆಯೇ ಇರಲಿಲ್ಲ, ಎಲ್ಲರಿಗೂ ಕಂಚೇ. ಹಾಗಾಗಿ ಕಂಚು ಅಂದ ತಕ್ಷಣ ಮೂರನೇ ಬಹುಮಾನ ಅಂದುಕೊಳ್ಳಬೇಡಿ.

ಈಗ ಚಿನ್ನದ ಮಾತು. ಹಬ್ಬ, ಸ್ಪರ್ಧೆಗಳ "ಚಿನ್ನದ ಪದಕ" ಹೆಚ್ಚಾಗಿ ಬೆಳ್ಳಿ ಅಥವಾ ಕಂಚಿನ ಮೇಲೆ ಚಿನ್ನದ ನೀರು ಕೊಟ್ಟದ್ದು. ಒಲಿಂಪಿಕ್ಸ್‌ನಲ್ಲೇ ಪೂರ್ತಿ ಚಿನ್ನದ ಪದಕ ಕೊಟ್ಟದ್ದು 1912ರಲ್ಲಿ ಕೊನೆ. ಅಂದಹಾಗೆ ಅದೇ 1912ರಿಂದ 1948ರವರೆಗೆ ಒಲಿಂಪಿಕ್ಸ್‌ನಲ್ಲಿ ಸಾಹಿತ್ಯ, ಸಂಗೀತ, ಚಿತ್ರಕಲೆ, ಶಿಲ್ಪ, ವಾಸ್ತುಶಿಲ್ಪಕ್ಕೂ ಪದಕ ಕೊಡುತ್ತಿದ್ದರು. ನಿಮ್ಮಂತೆ ಕಲೆ-ಸ್ಪರ್ಧೆಗಳ ಪದಕ ಇಷ್ಟಪಡುವವರಿಗೆ ಇದು ಗೊತ್ತಿರಬೇಕು.

ಲೋಹ ಕಂಡುಹಿಡಿಯಲು ಉಜ್ಜಿ ನೋಡುವುದು, ಆಮ್ಲ ಹಾಕುವುದು ಬೇಡ. ಒಂದು ಗ್ರಾಂನ ಹತ್ತನೇ ಭಾಗ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ ಸಾಕು. ಪದಕದ ತೂಕ ಬರೆದುಕೊಳ್ಳಿ. ತಕ್ಕಡಿ ಮೇಲೆ ಲೋಟದಲ್ಲಿ ನೀರಿಟ್ಟು ಸೊನ್ನೆ ಮಾಡಿ. ಪದಕವನ್ನು ತೆಳು ದಾರದಲ್ಲಿ ಕಟ್ಟಿ ನೀರಲ್ಲಿ ಪೂರ್ತಿ ಮುಳುಗಿಸಿ. ತಳಕ್ಕೆ, ಪಕ್ಕಕ್ಕೆ ತಾಗಬಾರದು. ತಕ್ಕಡಿ ತೋರಿಸಿದ ಸಂಖ್ಯೆಯಿಂದ ತೂಕವನ್ನು ಭಾಗಿಸಿ. ಬಂದ ಉತ್ತರ ಲೋಹದ ಸಾಂದ್ರತೆ, ಅಂದರೆ ಅಷ್ಟೇ ಗಾತ್ರದ ನೀರಿಗಿಂತ ಅದು ಎಷ್ಟು ಪಟ್ಟು ಭಾರ ಅನ್ನುವುದು. 63 ಗ್ರಾಂ ಪದಕಕ್ಕೆ 7 ಬಂದರೆ ಉತ್ತರ 9, ಅಂದರೆ ಕಂಚು ಅಥವಾ ತಾಮ್ರ. 6 ಅಥವಾ 6.1 ಬಂದರೆ ಹತ್ತೂವರೆಯ ಹತ್ತಿರ, ಅದು ಬೆಳ್ಳಿ. ತವರ 7.3ರ ಆಸುಪಾಸು, ಅಲ್ಯೂಮಿನಿಯಂ 2.7. ಅಪ್ಪಟ ಚಿನ್ನ 19ರ ಮೇಲೆ. ರಿಬ್ಬನ್, ಪಿನ್ನು, ಎನಾಮೆಲ್ ಬಣ್ಣ ಇರುವ ಪದಕಕ್ಕೆ ಈ ಪರೀಕ್ಷೆ ಮಾಡಬೇಡಿ. ಲೆಕ್ಕವೂ ತಪ್ಪುತ್ತದೆ, ಪದಕವೂ ಕೆಡುತ್ತದೆ. ಮುಗಿದ ಮೇಲೆ ಮೆತ್ತನೆ ಬಟ್ಟೆಯಿಂದ ಒತ್ತಿ, ಚೆನ್ನಾಗಿ ಒಣಗಿಸಿ.

ಹಸಿರಿನ ಬಗ್ಗೆ ಸ್ವಲ್ಪ ಹುಷಾರು. ನುಣುಪಾಗಿ, ಗಟ್ಟಿಯಾಗಿ ಅಂಟಿಕೊಂಡ ಹಸಿರು ಹಾನಿ ಮಾಡುವುದಿಲ್ಲ, ಬಿಡಿ. ತಿಳಿ ಹಸಿರು ಪುಡಿಯಾಗಿ, ಚುಕ್ಕೆಚುಕ್ಕೆಯಾಗಿ ಉದುರುತ್ತಿದ್ದರೆ ಅದು ಲೋಹವನ್ನೇ ತಿನ್ನುವ ಕಿಲುಬು. ಒಳಗೆ ಸೇರಿದ ಉಪ್ಪಿನ ಅಂಶಕ್ಕೆ ತೇವ ಸಿಕ್ಕಿದಾಗ ಅದು ಬೆಳೆಯುತ್ತಲೇ ಇರುತ್ತದೆ. ಅಂಥದ್ದನ್ನು ಇವತ್ತೇ ಬೇರೆ ಡಬ್ಬಿಗೆ ಹಾಕಿ, ಜೊತೆಗೆ ತೇವ ಹೀರುವ ಸಿಲಿಕಾ ಜೆಲ್ ಇಡಿ. ಬೆಲೆಬಾಳುವ ಪದಕವಾದರೆ ಲೋಹ ಸಂರಕ್ಷಣೆ ಗೊತ್ತಿರುವವರಿಗೇ ತೋರಿಸಿ. ಹಸಿರು ಜಿಗುಟಾಗಿ, ಎಣ್ಣೆ ಹಚ್ಚಿದ ಹಾಗೆ ಇದ್ದರೆ ಕಾರಣ ಬೇರೆ, ಪಿವಿಸಿ ಪ್ಲಾಸ್ಟಿಕ್ ಕವರು. ಮೆತ್ತಗೆ ಬಾಗುವ, ಹೊಸದರಲ್ಲಿ ವಾಸನೆ ಬರುವ ಆಲ್ಬಂ ಹಾಳೆಗಳಲ್ಲಿ ಪದಕ ಇಡಲೇಬೇಡಿ. ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಕವರು ಸರಿ. ಓಕ್ ಮರದ ಪೆಟ್ಟಿಗೆ ಚೆಂದ ಕಾಣುತ್ತದೆ ನಿಜ, ಆದರೆ ಅದರಿಂದ ಹೊರಡುವ ಹುಳಿ ಆವಿ ಸೀಸಕ್ಕೆ ಆಗದು, ಬಿಳಿ ಪುಡಿ ಬರುತ್ತದೆ. ಉಣ್ಣೆ ಬಟ್ಟೆ, ರಬ್ಬರ್ ಬ್ಯಾಂಡ್ ಪಕ್ಕದಲ್ಲಿದ್ದರೆ ಬೆಳ್ಳಿ ಬೇಗ ಕಪ್ಪಾಗುತ್ತದೆ. ಪದಕವನ್ನು ಯಾವಾಗಲೂ ಅಂಚಿನಲ್ಲೇ ಹಿಡಿಯಿರಿ. ಬೆರಳಿನ ಬೆವರು ತಿಂಗಳುಗಳ ನಂತರ ಕಲೆಯಾಗಿ ಕಾಣಿಸಿಕೊಳ್ಳುತ್ತದೆ.

ನಕಲಿ ಹಿಡಿಯಲು ಅಳತೆ ಬಹಳ ಸಹಾಯ ಮಾಡುತ್ತದೆ. ಅಚ್ಚು ಒತ್ತಿದ ಅಸಲಿ ಪದಕದಿಂದ ಎರಕ ಹೊಯ್ದು ನಕಲು ಮಾಡಿದರೆ, ಲೋಹ ಆರುವಾಗ ಕುಗ್ಗುತ್ತದೆ. ಹಾಗಾಗಿ ನಕಲು ಅಗಲದಲ್ಲಿ ಸ್ವಲ್ಪ ಚಿಕ್ಕದು. ಅಕ್ಷರದ ಮೂಲೆಗಳು ಮೊಂಡಾಗಿರುತ್ತವೆ, ಚಿತ್ರ, ಅಕ್ಷರ ಇಲ್ಲದ ಖಾಲಿ ಜಾಗದಲ್ಲಿ ಸೂಜಿಮೊನೆಯಷ್ಟು ಗುಂಡಿಗಳು ಕಾಣುತ್ತವೆ, ಅಂಚಿನಲ್ಲಿ ಅರ ಹಾಕಿ ಉಜ್ಜಿದ ಗೆರೆ ಇರಬಹುದು. ವರ್ನಿಯರ್ ಕ್ಯಾಲಿಪರ್‌ನಿಂದ ಅಗಲ, ದಪ್ಪ ಎರಡನ್ನೂ ಅಳೆದು ಬರೆದಿಡಿ.

ಮುಂದೆ ಏನು ಸೇರಿಸಬೇಕು ಅಂತ ಕೇಳಿದ್ದೀರಿ. ಸಿಕ್ಕಿದ್ದನ್ನೆಲ್ಲ ಕೊಳ್ಳಬೇಡಿ. ದೇಶವಾರು ಹಂಚುವುದಕ್ಕಿಂತ ಒಂದೇ ಉತ್ಸವವನ್ನು ಹಿಡಿದು ಅದರ ಸುತ್ತ ಹೋಗುವುದು ನನಗೆ ಸರಿ ಅನ್ನಿಸುತ್ತದೆ: ಗೆದ್ದವರ ಪದಕ, ಭಾಗವಹಿಸಿದವರ ಪದಕ, ತೀರ್ಪುಗಾರರ ಬ್ಯಾಡ್ಜು, ನೋಡುಗರಿಗೆ ಮಾರಿದ ನೆನಪಿನ ತುಂಡು. ನಾಲ್ಕನ್ನೂ ಪಕ್ಕಪಕ್ಕ ಇಟ್ಟರೆ ಆ ಉತ್ಸವ ಹೇಗೆ ನಡೆಯಿತು ಅಂತ ಗೊತ್ತಾಗುತ್ತದೆ. 1957ರ ಮಾಸ್ಕೋ ಯುವಜನೋತ್ಸವವನ್ನೇ ನೋಡಿ. ಐದು ಬಣ್ಣದ ದಳಗಳ ಹೂವಿನ ಗುರುತು ಇರುವ ಬ್ಯಾಡ್ಜುಗಳು ಎಷ್ಟು ಬಗೆ ಅಂದರೆ, ಅದೊಂದೇ ಒಂದು ಸಂಗ್ರಹ ಆಗುತ್ತದೆ. ಅಗ್ಗದ ಲೋಹ ಅಂತ ಮೂಗು ಮುರಿಯಬೇಡಿ. ಅಮೆರಿಕದ ನ್ಯೂ ಆರ್ಲಿಯನ್ಸ್‌ನ ಮಾರ್ಡಿ ಗ್ರಾ ಹಬ್ಬದ ಮೆರವಣಿಗೆಯಲ್ಲಿ ರೆಕ್ಸ್ ತಂಡ 1960ರಲ್ಲಿ ಅಲ್ಯೂಮಿನಿಯಂ ಬಿಲ್ಲೆಗಳನ್ನು ಜನರತ್ತ ಎಸೆಯಲು ಶುರು ಮಾಡಿತು. ಬೇರೆ ತಂಡಗಳೂ ಹಿಂದೆಯೇ ಬಂದವು. ತಂಡದ ಹೆಸರು, ಇಸವಿ, ಆ ವರ್ಷದ ವಿಷಯ ಎಲ್ಲವೂ ಅದರ ಮೇಲೆ ಇರುವುದರಿಂದ ಅವನ್ನು ಜೋಡಿಸುತ್ತಾ ಹೋಗುವುದೇ ಒಂದು ಖುಷಿ. ಜರ್ಮನಿಯ ಕಲೋನ್ ನಗರದ ಕಾರ್ನಿವಲ್ ಸಂಘಗಳು ಪ್ರತಿ ವರ್ಷ ಕೊಡುವ ಬಣ್ಣಬಣ್ಣದ ಪದಕಗಳೂ ಹಾಗೆಯೇ. ಅವುಗಳ ಬಣ್ಣ ಚಕ್ಕೆ ಎದ್ದಿದೆಯಾ ನೋಡಿಕೊಂಡು ತೆಗೆದುಕೊಳ್ಳಿ.

ಒಂದು ಗೊಂದಲ ಬಿಡಿಸಿಬಿಡುತ್ತೇನೆ. 1951ರ ಬ್ರಿಟನ್ ಉತ್ಸವಕ್ಕೆ ಬಂದ ಐದು ಶಿಲಿಂಗಿನ ಕ್ರೌನ್ ನಿಮ್ಮ ಡಬ್ಬಿಯಲ್ಲಿದೆ ಅಂದಿರಿ. ಅದು ಪದಕ ಅಲ್ಲ, ಮುಖಬೆಲೆ ಇರುವ ನಾಣ್ಯ. ಬೇರೆ ಇಡಿ.

ಡಬ್ಬಿಯಲ್ಲಿರುವ ಕಾಗದಗಳನ್ನು ಎಸೆದಿಲ್ಲ ತಾನೇ? ಕಾರ್ಯಕ್ರಮದ ಪಟ್ಟಿ, ಆಹ್ವಾನ, ಪ್ರಮಾಣಪತ್ರ, ಹರಿದ ರಿಬ್ಬನ್, ಖಾಲಿ ಪೆಟ್ಟಿಗೆ, ಏನೇ ಇರಲಿ, ಅದು ಯಾವ ಪದಕದ್ದು ಅಂತ ಗುರುತಿಸಿ ಒಂದೇ ನಂಬರು ಕೊಡಿ. ನಂಬರು ಕವರಿನ ಮೇಲೆ ಬರೆಯಿರಿ, ಪದಕಕ್ಕೆ ಸ್ಟಿಕ್ಕರ್ ಅಂಟಿಸಬೇಡಿ. ನೋಟ್‌ಬುಕ್ಕಿನಲ್ಲಿ ಉತ್ಸವ, ಇಸವಿ, ಯಾರಿಗೆ ಕೊಟ್ಟದ್ದು, ಅಗಲ, ತೂಕ, ಅಂಚಿನ ಬರಹ ಅಕ್ಷರ ಬಿಡದೆ, ಎಲ್ಲಿಂದ ಬಂತು ಅನ್ನುವುದೂ ಇರಲಿ. ದೊಡ್ಡಪ್ಪನವರನ್ನು ಬಲ್ಲ ಹಿರಿಯರು ಮನೆಯಲ್ಲಿದ್ದರೆ ಈ ವಾರವೇ ಅವರ ಹತ್ತಿರ ಕೂತು ಕೇಳಿ. ಅವರಿಗೆ ಗೊತ್ತಿರುವುದು ಯಾವ ಕ್ಯಾಟಲಾಗಿನಲ್ಲೂ ಸಿಗುವುದಿಲ್ಲ.

ಫೋಟೋ ಹಾಕುವಾಗ ಫ್ಲ್ಯಾಶ್ ಬೇಡ. ಬೆಳಕು ಒಂದು ಬದಿಯಿಂದ ಬರಲಿ, ಆಗ ಸವೆದ ಅಕ್ಷರವೂ ಎದ್ದು ಕಾಣುತ್ತದೆ. ಪಕ್ಕದಲ್ಲಿ ಸ್ಕೇಲ್ ಇಡಿ. ಪ್ಯಾರಿಸ್ ಪದಕದ ಹಿಂಭಾಗದ ಚೌಕಟ್ಟು ಮತ್ತು ಅಂಚಿನ ಗುರುತು ಎರಡನ್ನೂ ಹತ್ತಿರದಿಂದ ತೆಗೆದು ಇಲ್ಲೇ ಹಾಕಿ. ಅಗಲ, ತೂಕವನ್ನೂ ಬರೆದರೆ ಎಲ್ಲರೂ ಸೇರಿ ನೋಡೋಣ.